ಅಲ್ಯೂಮಿನಿಯಂ ಹೆಡ್ಡೂ ನಮ್ಮ ಮಾವನ ಬೆರಳೂ

ನಮ್ಮ ಸೋದರಮಾವ ಮದುವೆಗೆ ಹೋದರೆ ಹುಡುಗ ಹುಡುಗಿಯ ಮುಖ ನೋಡುವುದಿಲ್ಲ. ಛತ್ರದ ಮುಂದೆ ನಿಂತ ಕಾರುಗಳ ಬಾನೆಟ್ ಎತ್ತಿ ನೋಡಿ ಬರುತ್ತಾರೆ! ಒಮ್ಮೆ ಅದೇ ಕೈಯಲ್ಲಿ ಅಕ್ಷತೆ ಹಾಕಿ, ಮದುಮಗನ ರೇಷ್ಮೆ ಪೇಟಕ್ಕೆ ಗ್ರೀಸಿನ ಬೊಟ್ಟಿಟ್ಟು ಬಂದ ಪುಣ್ಯಾತ್ಮರು.

ನಾನಿರುವುದೂ ರಾಮಕೃಷ್ಣನಗರದ ಅವರ ಮನೆಯಲ್ಲೇ. ಅಲ್ಲೊಂದು ಹಳೇ ಕಾರಿದೆ. ಅದರ ಎಂಜಿನ್ನಿನ ನೆತ್ತಿಯ ಮೇಲಿರುವ ಕಬ್ಬಿಣದ ಸಿಲಿಂಡರ್ ಹೆಡ್ ತೆಗೆಸಿ, ಅಲ್ಯೂಮಿನಿಯಂನದು ಹಾಕಿಸುವ ಹುಚ್ಚು ಈ ವರ್ಷ ಹಿಡಿಯಿತು. ಹೊಸ ಹೆಡ್ ಬಂದ ದಿನ ಇಟ್ಟಿದ್ದೆಲ್ಲಿ ಅಂತೀರಿ? ಊಟದ ಮೇಜಿನ ಮೇಲೆ!

“ರೀ, ಇದನ್ನ ಎತ್ತಿ. ಸಾರಿನ ಪಾತ್ರೆ ಎಲ್ಲಿಡ್ಲಿ?” ಎಂದರು ಅತ್ತೆ.

“ಬೇರೆಲ್ಲಾದ್ರೂ ಇಡು. ಹೊಸ ಮಗು ಕಣೇ, ಬಿಸಿ ತಾಗ್ಬಾರ್ದು!”

ಪೆಟ್ರೋಲ್ ಹೊತ್ತಿ ಉರಿಯುವ ಜಾಗದಲ್ಲಿ ಬದುಕಬೇಕಾದ ಮಗುವಿಗೆ ಸಾರಿನ ಬಿಸಿ ತಾಗಬಾರದಂತೆ!

ಹೆಬ್ಬಾಳದಿಂದ ಮೆಕ್ಯಾನಿಕ್ ಬಂದು ಹೆಡ್ ಕೂರಿಸಿ ಹೋದ. ಸ್ಪಾರ್ಕ್ ಪ್ಲಗ್ ಮಾತ್ರ ಆಯುಧಪೂಜೆಯ ದಿನ ತಾವೇ ಹಾಕುವುದೆಂದು ಮಾವನ ಹಟ. ಹಳೆಯವುಗಳ ಕತ್ತು ಹೊಸ ಹೆಡ್ಡಿಗೆ ಗಿಡ್ಡವೆಂದು ಉದ್ದ ಕತ್ತಿನವನ್ನೇ ಹುಡುಕಿ ತಂದರು. ನನ್ನನ್ನು ಕೂರಿಸಿಕೊಂಡು ಪಾಠವನ್ನೂ ಮಾಡಿದರು.

“ಕಬ್ಬಿಣ ಒರಟಾಟ ತಡ್ಕೊಳುತ್ತೆ ಕಣೋ. ಇದು ಮೆತ್ತಗಿನ ಲೋಹ. ಪ್ಲಗ್ ಸೊಟ್ಟಗೆ ಕೂತಾಗ ಸ್ಪ್ಯಾನರ್ ಹಾಕ್ಬುಟ್ರೆ ಒಳಗಿನ ತಿರುಪಿನ ಗೆರೆ, ಆ ಥ್ರೆಡ್ಡೇ ಕಿತ್ತೋಗುತ್ತೆ. ಮೊದ್ಲು ಬೆರಳಲ್ಲೇ ತಿರುಗಿಸ್ಬೇಕು. ಹಿಡೀತೋ ಇಲ್ವೋ ಅಂತ ಬೆರಳಿಗೇ ಗೊತ್ತಾಗ್ಬೇಕು.”

ಅತ್ತೆಗೆ ಅದೇ ಭಯ. ಸಕ್ಕರೆ ಕಾಯಿಲೆಯಿಂದ ಮಾವನ ಬೆರಳ ತುದಿಗಳು ಜೋಮು ಹಿಡಿದು ವರ್ಷವಾಗಿತ್ತು. “ಅದನ್ನೂ ಆ ಮೆಕ್ಯಾನಿಕ್ಕೇ ಹಾಕ್ಲಿ ಬಿಡ್ರೀ” ಎಂದರು.

“ಒಂದು ಪ್ಲಗ್ ಹಾಕೋಕೂ ನನ್ ಕೈಲಾಗ್ದಿದ್ರೆ ಗಾಡಿ ಮಾರ್ಬುಡ್ತೀನಿ!”

ಸರಿ, ಅಭ್ಯಾಸ ಶುರುವಾಯಿತು. ಮನೆಯ ಡಬ್ಬಿ, ಬಾಟಲಿಗಳ ಮುಚ್ಚಳವೆಲ್ಲ ಬಿಚ್ಚಿ, ಬೆರಳ ತುದಿಯಲ್ಲಷ್ಟೇ ತಿರುಗಿಸಿ ಇಟ್ಟರು. ಪಾಪ, ನನಗೇನು ಗೊತ್ತು? ಉಪ್ಪಿನಕಾಯಿ ಬಾಟಲಿಯನ್ನು ಮುಚ್ಚಳ ಹಿಡಿದು ಎತ್ತಿದೆ. ಮುಚ್ಚಳ ಕೈಗೆ ಬಂತು, ಉಪ್ಪಿನಕಾಯಿ ಕಾಲಿಗೆ!

ಆಯುಧಪೂಜೆಯ ಬೆಳಗ್ಗೆ ಮಾವ ಹೊಸ ಬಿಳಿ ಪಂಚೆಯುಟ್ಟು ಬಂದರು. ಅಷ್ಟರಲ್ಲಿ ಅತ್ತೆ ಸಂಪ್ರದಾಯ ಬಿಡಬಾರದೆಂದು ಪ್ಲಗ್ಗುಗಳಿಗೆಲ್ಲ ಧಾರಾಳವಾಗಿ ಅರಿಶಿನ ಕುಂಕುಮ ಹಚ್ಚಿದ್ದರು.

“ಅಯ್ಯೋ! ಥ್ರೆಡ್ಡಿಗೆ ಹಚ್ಬುಟ್ಟಿದ್ದೀಯಲ್ಲೇ!”

“ಸ್ಪ್ಯಾನರಿಗೂ ಹಚ್ಚಿದ್ದೀನಿ. ಅದೇನೂ ಕೂಗಾಡ್ಲಿಲ್ಲಪ್ಪ!”

ಮಾವ ಒಳಗೆ ಓಡಿ ಹಲ್ಲುಜ್ಜುವ ಬ್ರಷ್ ತಂದು, ಪೆಟ್ರೋಲಿನಲ್ಲಿ ಅದ್ದಿ ಥ್ರೆಡ್ಡುಗಳನ್ನು ತಿಕ್ಕಿದರು. ಬ್ರಷ್ ಯಾರದು ಅಂತೀರಿ? ನನ್ನದೇ!

ಕೊನೆಗೆ ಮೊದಲ ಪ್ಲಗ್ ಇಟ್ಟು ತಿರುಗಿಸಿದರು. ತೆಗೆದರು. ಮತ್ತೆ ಇಟ್ಟರು. ಹಿಡಿಯಿತೋ ಜಾರಿತೋ ಅವರಿಗೆ ತಿಳಿಯುತ್ತಿರಲಿಲ್ಲ. ಅವರ ಕೈ ಸ್ಪ್ಯಾನರಿನ ಕಡೆ ಹೋಗಿ ಹಿಂದಕ್ಕೆ ಬಂತು. ನಾನು ಮುಂದೆ ಬಂದರೆ ಗದರಿದರು. ಆಮೇಲೆ ತಮ್ಮ ಬೆರಳುಗಳನ್ನೇ ನೋಡಿಕೊಂಡರು. ನನಗೆ ನಗು ಬರಲಿಲ್ಲ.

ಅತ್ತೆ ಮೆಟ್ಟಿಲ ಮೇಲೆ ಕೂತು ಕಾರಿಗೆ ಹಾರ ಕಟ್ಟುತ್ತಿದ್ದರು. ನೂಲಿನ ಮೇಲೆ ಅವರ ಬೆರಳು ಓಡುವುದನ್ನು ಮಾವ ಸ್ವಲ್ಪ ಹೊತ್ತು ನೋಡಿದರು.

“ಲೇ... ಬಾರೇ ಇಲ್ಲಿ. ನೀನು ತಿರುಗಿಸು.”

ಬಾನೆಟ್ಟಿನೊಳಗೆ ಕೈ ಹಾಕಲು ಅತ್ತೆಗೆ ಅಪ್ಪಣೆ ಸಿಕ್ಕಿದ್ದು ಅದೇ ಮೊದಲು! ಅವರು ಕೈ ಒರೆಸಿಕೊಂಡು ಬಂದು, ಕಣ್ಣು ಮುಚ್ಚಿ, ಮೆಲ್ಲಗೆ ತಿರುಗಿಸಿದರು.

“ಹಿಡೀತು ಕಣ್ರೀ.”

ಎಲ್ಲ ಪ್ಲಗ್ಗುಗಳೂ ಹಾಗೆಯೇ ಕೂತವು. ಮಾವ ಸ್ಪ್ಯಾನರಿನಿಂದ ಹದವಾಗಿ ಬಿಗಿದು, ಕೀಲಿ ತಿರುಗಿಸಿದರು. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು! ನಾನು ಕುಣಿದೇಬಿಟ್ಟೆ.

“ಹಂಗಾದ್ರೆ, ಮಾರ್ತೀರಾ?” ಎಂದರು ಅತ್ತೆ.

ಮಾವ ಕಾರಿನಿಂದಿಳಿದು ಬಂದು, ಮಸಿಯಾಗಿದ್ದ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಹಿಡಿದು, ತಮ್ಮ ಹೊಸ ಬಿಳಿ ಪಂಚೆಯ ಅಂಚಿನಿಂದ ಒರೆಸತೊಡಗಿದರು.