ಲುಂಗಿ ಉಟ್ಟ ಜೋಂಬಿಗಳು

ನಮ್ಮ ಭಾವನಿಗೆ ಮಲಯ್ ಭಾಷೆಯ ಒಂದು ಪದವೂ ಬರುವುದಿಲ್ಲ. ಹೀಗಿದ್ದೂ ಕತಾರಿನಲ್ಲಿರುವ ಸಮಸ್ತ ಕನ್ನಡಿಗರ ಪೈಕಿ ಮಲಯ್ ಸಿನಿಮಾದ ಬಗ್ಗೆ ಅವರಷ್ಟು ಅಧಿಕಾರದಿಂದ ಮಾತಾಡಬಲ್ಲವರು ಇನ್ನೊಬ್ಬರಿಲ್ಲ. ಈ ಅಧಿಕಾರ ಎಲ್ಲಿಂದ ಬಂತು ಅಂತೀರಾ? ಅವರು ಒಂದೇ ಒಂದು ಮಲಯ್ ಸಿನಿಮಾ ನೋಡಿದ್ದಾರೆ. ಅದನ್ನೂ ಬಹಳ ಕಾಲ ಪೂರ್ತಿ ನೋಡಿರಲಿಲ್ಲ.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ತಂಗಿಯ ಗಂಡನಾದ್ದರಿಂದ ಅವರಿಗೆ ನಾನೂ ಭಾವ. ಫೋನಿನಲ್ಲಿ ನಾವಿಬ್ಬರೂ "ಹೇಳಿ ಭಾವ", "ನೀವು ಹೇಳಿ ಭಾವ" ಎಂದು ಶುರು ಮಾಡಿದರೆ ವಿಷಯಕ್ಕೆ ಬರುವಷ್ಟರಲ್ಲಿ ನನ್ನ ಹೆಂಡತಿ ಅನ್ನಕ್ಕಿಟ್ಟು ಇಳಿಸಿರುತ್ತಾಳೆ. ಅವರು ರಾಸ್ ಲಫಾನಿನ ಗ್ಯಾಸ್ ಸ್ಥಾವರವೊಂದರಲ್ಲಿ ಶಿಫ್ಟ್ ಆಪರೇಟರ್. ಸಂಸಾರ ಮಕ್ಕಳ ಕಾಲೇಜಿಗೆಂದು ಮೈಸೂರಿನಲ್ಲಿದೆ. ಭಾವ ದೋಹಾದ ಬಿನ್ ಒಮ್ರಾನ್‌ನಲ್ಲಿ ನಮ್ಮ ಮನೆಯಿಂದ ಒಂದು ಗಲ್ಲಿ ಆಚೆ ಒಂಟಿಯಾಗಿದ್ದಾರೆ. ಒಂಟಿಯಾಗಿ ಎಂದರೆ, ಒಂದು ಊರಿನ ತುಂಬ ಹೆಣಗಳ ಜೊತೆ.

ಆ ಸಿನಿಮಾವನ್ನು ಅವರಿಗೆ ಕೊಟ್ಟವನು ಅವರ ಶಿಫ್ಟಿನ ಮಲೇಷ್ಯಾದ ಗೆಳೆಯ. ಊರಿಗೆ ಹೋಗಲು ವಿಮಾನಗಳೇ ಇಲ್ಲದ ಆ ಕೊರೊನಾ ವರ್ಷದಲ್ಲಿ, "ನೋಡು, ಮನಸ್ಸು ಹಗುರವಾಗುತ್ತೆ" ಎಂದು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟನಂತೆ. ಮಲೇಷ್ಯಾದ ಒಂದು ಹಳ್ಳಿ. ಅಲ್ಲಿ ಸತ್ತವರೆಲ್ಲ ಎದ್ದು ಓಡಾಡತೊಡಗುತ್ತಾರೆ, ಕಚ್ಚುತ್ತಾರೆ, ಕಚ್ಚಿಸಿಕೊಂಡವರೂ ಹಾಗೇ ಆಗುತ್ತಾರೆ. ಕೇಳಲು ಭಯಂಕರ, ನೋಡಲು ತಮಾಷೆ. ಏಕೆಂದರೆ ಆ ಜೋಂಬಿಗಳೆಲ್ಲ ಚೌಕಳಿ ಲುಂಗಿ ಉಟ್ಟಿವೆ. ಓಡಲು ಹೋಗಿ ಲುಂಗಿ ತೊಡರಿ ಬೀಳುತ್ತವೆ. ಎದ್ದು ಲುಂಗಿ ಬಿಗಿದು ಕಟ್ಟಿಕೊಂಡು ಮತ್ತೆ ಅಟ್ಟಿಸಿಕೊಂಡು ಬರುತ್ತವೆ.

ಸಬ್‌ಟೈಟಲ್ ಇಲ್ಲ. ಭಾವನಿಗೆ ಅದೊಂದು ಕೊರತೆ ಅನ್ನಿಸಲೇ ಇಲ್ಲ. ಪ್ರತಿ ಶುಕ್ರವಾರ ಸಂಜೆ ನಾಲ್ಕಾರು ಜನರನ್ನು ಮನೆಗೆ ಕರೆದು, ಉಪ್ಪಿಟ್ಟು ಹಾಕಿ, ಟಿವಿಯ ಪಕ್ಕ ಸ್ಟೂಲ್ ಎಳೆದುಕೊಂಡು, ಎಲ್ಲ ಪಾತ್ರಗಳಿಗೂ ತಾವೇ ಕನ್ನಡದಲ್ಲಿ ದನಿ ಕೊಡತೊಡಗಿದರು. ಅವರ ಜೋಂಬಿಗಳು ಅವರ ಹುಟ್ಟೂರಾದ ಕೆ.ಆರ್. ನಗರದ ಕನ್ನಡ ಮಾತಾಡುತ್ತವೆ. ಬಾಗಿಲು ಮುರಿದು ಒಳಗೆ ಬಂದ ಜೋಂಬಿ "ಊಟ ಆಯ್ತಾ?" ಎನ್ನುತ್ತದೆ. ಕಚ್ಚುವ ಕೆಲಸ ಮುಗಿದ ಮೇಲೆ ಹೊಸಿಲ ಹತ್ತಿರ ತಿರುಗಿ ನಿಂತು "ಹೋಗಿ ಬರ್ತೀವಿ ಕಣಮ್ಮ" ಎಂದು ಹೇಳಿಯೇ ಹೊರಡುತ್ತದೆ. "ಸತ್ರೂ ಸಂಸ್ಕಾರ ಬಿಡಬಾರ್ದು ಭಾವ" ಎಂಬುದು ಅವರ ಸಮರ್ಥನೆ.

ತೊಂದರೆ ಏನೆಂದರೆ ಕಥೆ ವಾರಕ್ಕೊಂದು. ಹೆಣಗಳು ಎದ್ದದ್ದು ಒಂದು ವಾರ ಮದುವೆಮನೆಯ ಹಳಸಿದ ಹುಳಿಯಿಂದ, ಇನ್ನೊಂದು ವಾರ ಯಾರೋ ಪರ್ಮಿಟ್ ಇಲ್ಲದೆ ಪೈಪಿಗೆ ಕೈ ಹಾಕಿದ್ದರಿಂದ. ತಪ್ಪದೆ ಬರುತ್ತಿದ್ದ ಹುಬ್ಬಳ್ಳಿಯ ಮಿತ್ರರೊಬ್ಬರು ಒಮ್ಮೆ ತಡೆಯಲಾರದೆ ಕೇಳಿದರು.

"ಏನ್ರೀ ಇದು, ಹ್ವಾದ ವಾರ ಈಕಿ ಅವನ ತಂಗಿ ಇದ್ಲು. ಈ ವಾರ ಹೆಂಡ್ತಿ ಆಗ್ಯಾಳಲ್ಲ?"

"ಹೋದ ವಾರ ನಂಗೆ ಸರಿಯಾಗಿ ಅರ್ಥ ಆಗಿರ್ಲಿಲ್ಲ."

"ಈ ವಾರ ಆಗೇತೇನು?"

"ಇಲ್ಲ. ಆದ್ರೆ ನಾಚ್ಕೋತಾ ಇದಾಳೆ ನೋಡಿ. ತಂಗಿ ಯಾಕೆ ನಾಚ್ಕೋತಾಳೆ?"

ಹುಬ್ಬಳ್ಳಿಯವರು "ಅದೂ ಖರೇನ ಬಿಡ್ರಿ" ಎಂದು ಇನ್ನೊಂದು ಸಲ ಉಪ್ಪಿಟ್ಟು ಹಾಕಿಸಿಕೊಂಡರು.

ಒಮ್ಮೆ ಆ ಮಲೇಷ್ಯಾದ ಗೆಳೆಯನೇ ಬಂದ. ಈಗ ಬಣ್ಣ ಬಯಲಾಗುತ್ತದೆ ಎಂದು ನಾನು ಅವನ ಪಕ್ಕದಲ್ಲೇ ಕೂತು ಭಾವನ ಸಂಭಾಷಣೆಯನ್ನೆಲ್ಲ ಇಂಗ್ಲಿಷಿನಲ್ಲಿ ಅವನ ಕಿವಿಗೆ ಹಾಕಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, "ನಮ್ಮವರು ತೆಗೆದದ್ದಕ್ಕಿಂತ ಇದೇ ಚೆನ್ನಾಗಿದೆ" ಎಂದ. ಅಲ್ಲಿಗೆ ನನ್ನ ಕೊನೆಯ ಆಸರೆಯೂ ಹೋಯಿತು.

ಗ್ಯಾಸ್ ಸ್ಥಾವರದವರಿಗೆ ಸುರಕ್ಷತೆಯ ಪಾಠ ರಕ್ತಕ್ಕೇ ಇಳಿದಿರುತ್ತದೆ. ಜೋಂಬಿಗಳನ್ನು ನೋಡಿ ನೋಡಿ ಭಾವನಿಗೆ ಒಂದು ಚಿಂತೆ ಹತ್ತಿತು. ನಾಳೆ ಬಿನ್ ಒಮ್ರಾನ್‌ಗೇ ಬಂದರೆ? ನಾನು ಹುಟ್ಟಾ ಆತಂಕದವನು. ವಿಮಾನ ಹತ್ತಿದ ಮೇಲೂ ಪಾಸ್‌ಪೋರ್ಟ್ ಮನೆಯಲ್ಲಿ ಉಳಿಯಿತೇನೋ ಎಂದು ಜೇಬು ಮುಟ್ಟಿಕೊಳ್ಳುವವನು. ಇಂಥವನ ಮುಂದೆ ಈ ಮಾತು ಆಡಬಹುದೇ?

"ಸೈರನ್ ಆದ್ರೆ ಮೊದ್ಲು ಏನ್ ನೋಡ್ಬೇಕು ಭಾವ?" ಎಂದು ನನ್ನನ್ನೇ ಪರೀಕ್ಷೆ ಮಾಡಿದರು.

"ಬಾಗಿಲು."

"ತಪ್ಪು. ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ನೋಡ್ಬೇಕು. ಆಮೇಲೆ ಎಲ್ರೂ ಒಂದೇ ಕಡೆ ಸೇರ್ಬೇಕು. ಆಮೇಲೆ ತಲೆ ಎಣಿಸ್ಬೇಕು."

ಸೇರುವ ಜಾಗ ನಮ್ಮ ಕಟ್ಟಡದ ಕೆಳಗಿನ ಮಲಯಾಳಿ ಕೆಫೆಟೇರಿಯಾದ ಮುಂದೆ ಎಂದು ನಿಗದಿಯಾಯಿತು. ಇದಾಗಿ ಕೆಲವೇ ದಿನಕ್ಕೆ ಕಟ್ಟಡದ ಫೈರ್ ಅಲಾರಂ ಹೊಡೆದುಕೊಂಡಿತು. ನಾನು ಬರಿಗಾಲಲ್ಲಿ, ಲುಂಗಿ ಎತ್ತಿ ಕಟ್ಟಿಕೊಂಡು, ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದುಕೊಂಡೇ ಮೆಟ್ಟಿಲಿಳಿದೆ. ಕೆಫೆಟೇರಿಯಾದ ಮುಂದೆ ಬೇರೆ ಯಾರೂ ಇರಲಿಲ್ಲ. ಅಂಗಡಿಯಾತ ನನ್ನ ಅವತಾರ ನೋಡಿ ಕೇಳದೆಯೇ ಒಂದು ಗಟ್ಟಿ ಕರಕ್ ಚಹಾ ಕೊಟ್ಟ. ಅಷ್ಟರಲ್ಲಿ ಸುದ್ದಿ ತಿಳಿದು ಭಾವ ಓಡಿಬಂದರು. ನನ್ನ ತಲೆಯನ್ನು ಗಂಭೀರವಾಗಿ ಎಣಿಸಿ, "ಒಂದು. ಈ ಕಟ್ಟಡದಲ್ಲಿ ಶಿಸ್ತು ಇರೋದು ನಿಮ್ಗೊಬ್ರಿಗೇ ಭಾವ" ಎಂದರು. ಮೇಲಿನಿಂದ ನನ್ನ ಹೆಂಡತಿ ಕಿಟಕಿ ತೆರೆದು, "ಪಕ್ಕದ ಮನೆಯೋರ ಒಗ್ಗರಣೆ ಸೀದಿದೆ ಅಷ್ಟೆ, ಇಬ್ರೂ ಮೇಲೆ ಬರ್ತೀರಾ?" ಎಂದಳು.

ಇಷ್ಟೆಲ್ಲ ಮಾಡುವ ಭಾವ ಸಿನಿಮಾದ ಕೊನೆಯನ್ನು ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ. ಹಳ್ಳಿಯ ಜನರೆಲ್ಲ ಒನಕೆ, ಬಾಣಲೆ, ಪೊರಕೆ ಹಿಡಿದು ಜೋಂಬಿಗಳಿಗೆ ಬಡಿಯಲು ಹೊರಡುತ್ತಾರೆ. ಆಗ ಒಂದು ಮನೆಯ ಬಾಗಿಲು ತೆರೆಯುತ್ತದೆ. ನೀಲಿ ಚೌಕಳಿ ಲುಂಗಿ, ಬಿಳಿ ಬನಿಯನ್ನು ತೊಟ್ಟ ಒಬ್ಬ ಮುದುಕ ಜೋಂಬಿ ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಬಗ್ಗಿ, ಮೆಟ್ಟಿಲ ಹತ್ತಿರ ಚಪ್ಪಲಿ ಹುಡುಕುತ್ತದೆ. ಅಷ್ಟೆ. ಭಾವ ಟಿವಿ ಆರಿಸಿ, "ಖಲಾಸ್. ಮುಂದೆ ಕಾಪಿ ಕೆಟ್ಟಿದೆ" ಎಂದು ಚಹಾ ಇಡಲು ಎದ್ದುಬಿಡುತ್ತಿದ್ದರು. ಹುಬ್ಬಳ್ಳಿಯವರು ಎಷ್ಟು ಗೋಗರೆದರೂ ಅಷ್ಟೆ. ಕಾಪಿ ಕೆಟ್ಟಿದ್ದರೆ ಇನ್ನೊಂದು ತರಿಸಬಾರದೇ ಎಂದು ನಾನು ಕೇಳಿದರೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗುತ್ತಿತ್ತು.

ವಿಶ್ವಕಪ್ ಫುಟ್‌ಬಾಲ್ ಬಂತು. ಅದರ ಜೊತೆಗೆ ನಮ್ಮ ಅತ್ತೆ, ಎಂದರೆ ಭಾವನ ತಾಯಿ, ಮೈಸೂರಿನ ಸೊಸೆಯ ಮನೆಯಿಂದ ಬಂದರು. ಆ ವಾರಗಳಲ್ಲಿ ದೇಶದೊಳಗೆ ಬರಲು ಪಂದ್ಯದ ಟಿಕೆಟ್ ಬೇಕಿತ್ತು. ಭಾವ ಅಮ್ಮನ ಹೆಸರಲ್ಲಿ ಒಂದು ಟಿಕೆಟ್ ಕೊಂಡೇಬಿಟ್ಟರು. ಹೀಗೆ ಎಪ್ಪತ್ತು ದಾಟಿದ, ಚೆಂಡನ್ನು ಹೂವಿನ ರೂಪದಲ್ಲಿ ಮಾತ್ರ ಕಂಡಿದ್ದ ನಮ್ಮ ಅತ್ತೆ ದಾಖಲೆಗಳ ಪ್ರಕಾರ ಫುಟ್‌ಬಾಲ್ ಅಭಿಮಾನಿಯಾಗಿ ದೋಹಾದಲ್ಲಿ ಇಳಿದರು. ಮುಖಕ್ಕೆ ಬಣ್ಣ ಬಳಿದುಕೊಂಡು ಹಾಡುತ್ತಿದ್ದ ಹುಡುಗರ ನಡುವೆ ಗಾಲಿಕುರ್ಚಿಯಲ್ಲಿ ಬಂದ ಅವರ ಕೈಗೆ ಯಾರೋ ಯಾವುದೋ ದೇಶದ ಬಾವುಟ ಕೊಟ್ಟಿದ್ದರು. ಅದನ್ನು ಊದುಬತ್ತಿಯ ಹಾಗೆ ಹಿಡಿದುಕೊಂಡಿದ್ದರು.

ಅವರನ್ನು ಕರೆಸಿಕೊಂಡದ್ದಕ್ಕೆ ಕಾರಣವಿತ್ತು. ವಿಮಾನಗಳಿಲ್ಲದ ಆ ವರ್ಷ ನಮ್ಮ ಮಾವ ತೀರಿಕೊಂಡರು. ಸ್ಥಾವರದಲ್ಲಿ ಫೋನನ್ನು ಗೇಟಿನಲ್ಲೇ ಬಿಟ್ಟು ಒಳಗೆ ಹೋಗಬೇಕು. ಭಾವ ಶಿಫ್ಟ್ ಮುಗಿಸಿ ಬಂದು ಫೋನ್ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಲ್ಲಿದ್ದ ನಮ್ಮ ಮೂವರಲ್ಲಿ ಯಾರಿಗೂ ಹೋಗಲಾಗಲಿಲ್ಲ. ಅಂದಿನಿಂದ ಅತ್ತೆ ಮಾತು ಕಡಿಮೆ ಮಾಡಿದ್ದರು. "ಹೂಂ", "ಸಾಕು", "ಆಗಲಿ", ಇಷ್ಟೇ. ಮೊದಲು ಇಡೀ ಬೀದಿಯವರ ನಡಿಗೆ, ಕೆಮ್ಮು, ಕೊಂಕು ಎಲ್ಲವನ್ನೂ ಆಡಿ ತೋರಿಸಿ ನಗಿಸುತ್ತಿದ್ದ ಹೆಂಗಸು ಅವರು. ಭಾವನಿಗೆ ಈ ವಿದ್ಯೆ ಬಂದದ್ದೇ ಅವರಿಂದ. ವಿಮಾನ ನಿಲ್ದಾಣದಿಂದ ಬರುವಾಗ ಭಾವ ನನ್ನ ಕಿವಿಯಲ್ಲಿ ಹೇಳಿದರು, "ಅಮ್ಮ ವಾಪಸ್ ಹೋಗೋದ್ರೊಳಗೆ ಒಂದ್ಸಲ ನಗ್ಬೇಕು ಭಾವ. ಒಂದೇ ಒಂದ್ಸಲ."

ಪ್ರಯತ್ನಗಳು ಆರಂಭವಾದವು. ಹಳೇ ಪೇಟೆ ಸೂಕ್ ವಾಕಿಫ್‌ಗೆ ಕರೆದೊಯ್ದು, ಕಣ್ಣಿಗೆ ಚರ್ಮದ ಟೊಪ್ಪಿಗೆ ಹಾಕಿಸಿಕೊಂಡು ಸಾಲಾಗಿ ಕೂತ ಗಿಡುಗಗಳನ್ನು ತೋರಿಸಿದರು. ಅತ್ತೆ ಬಹಳ ಹೊತ್ತು ನೋಡಿ, "ಪಾಪ" ಎಂದರು. ಅತ್ತೆಯ ಟಿಕೆಟ್ ದಂಡವಾಗಬಾರದೆಂದು ನಾವೂ ಟಿಕೆಟ್ ಕೊಂಡು ಪಂದ್ಯಕ್ಕೆ ಹೋದೆವು. ಗೋಲಾಯಿತು. ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ಎದ್ದು ನಿಂತು ಕುಣಿಯಿತು. ಮುಂದಿನ ಸಾಲಿನ ದಾಂಡಿಗನೊಬ್ಬ ಅಳುತ್ತಾ ನನ್ನನ್ನು ತಬ್ಬಿಕೊಂಡ. ಅತ್ತೆ ಸೆರಗು ಸರಿಮಾಡಿಕೊಂಡು, "ಮುಗೀತಾ? ಹೊರಡೋಣ್ವಾ?" ಎಂದರು. ರೆಫರಿ ಸೀಟಿ ಊದಿದಾಗ ಮಾತ್ರ ಥಟ್ಟನೆ ತಲೆಯೆತ್ತಿ ನೋಡಿದ್ದರು. ಮಾವ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು.

ಉಳಿದದ್ದು ಕೊನೆಯ ಶುಕ್ರವಾರ. "ಇವತ್ತು ಅಮ್ಮಂಗೆ ಸಿನಿಮಾ" ಎಂದರು ಭಾವ. ನಾನು ಅವರನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ಭಾವ, ಗಂಡನ್ನ ಕಳ್ಕೊಂಡಿರೋರಿಗೆ ಯಾರಾದ್ರೂ ಹೆಣ ಎದ್ದು ಬರೋ ಸಿನಿಮಾ ತೋರಿಸ್ತಾರಾ? ಬಿಪಿ ಏರಿದ್ರೆ? ಡಾಕ್ಟ್ರು ಕೇಳಿದ್ರೆ ಏನಂತ ಹೇಳೋದು?"

"ಲುಂಗಿ ಉಟ್ಕೊಂಡಿದ್ವು ಅಂತ ಹೇಳಿ."

ಇಡೀ ದೋಹಾ ದೊಡ್ಡ ದೊಡ್ಡ ಪರದೆಗಳ ಮುಂದೆ ಚೆಂಡಿನ ಹಿಂದೆ ಬಿದ್ದಿದ್ದ ಆ ಸಂಜೆ ನಾವು ನಾಲ್ವರು ಭಾವನ ಮನೆಯಲ್ಲಿ ಮಲಯ್ ಹೆಣಗಳ ಮುಂದೆ ಕೂತೆವು. ಭಾವ ಅಂದು ತಮ್ಮ ವಿದ್ಯೆಯನ್ನೆಲ್ಲ ಖರ್ಚು ಮಾಡಿದರು. ಜೋಂಬಿಗಳ ಕೈಲಿ ಮೈಸೂರುಪಾಕಿನ ವಿಷಯಕ್ಕೆ ಜಗಳ ಆಡಿಸಿದರು, ರಜೆ ಮಂಜೂರಾಗಲಿಲ್ಲ ಎಂದು ಅಳಿಸಿದರು. ನನ್ನ ಹೆಂಡತಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅತ್ತೆ ನಗಲಿಲ್ಲ. ನಾನು ಸಿನಿಮಾ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದೆ, ಬಿಪಿ ಏರಿದರೆ ಅಲ್ಲೇ ಕಾಣುತ್ತದೆ ಎಂಬಂತೆ. ಭಾವನ ದನಿ ಬರಬರುತ್ತಾ ಒಡೆಯತೊಡಗಿತು.

ಕೊನೆಗೆ ಆ ಬಾಗಿಲು ತೆರೆಯಿತು. ನೀಲಿ ಚೌಕಳಿ ಲುಂಗಿಯ ಮುದುಕ ಹೊರಗೆ ಬಂದ. ಸೊಂಟದ ಮೇಲೆ ಕೈಯಿಟ್ಟು ಬಗ್ಗಿದ. ಭಾವನ ಕೈ ಅಭ್ಯಾಸದಂತೆ ರಿಮೋಟಿನ ಕಡೆ ಹೋಯಿತು.

"ಆರಿಸ್ಬೇಡ ಕಣೋ" ಎಂದರು ಅತ್ತೆ.

"ಮುಂದೆ ಕಾಪಿ ಕೆಟ್ಟಿದೆಯಮ್ಮ."

"ಕೆಟ್ಟಿದ್ರೆ ಕೆಟ್ಟಿರ್ಲಿ."

ಭಾವನ ಕೈ ಅಲ್ಲೇ ನಿಂತಿತು. ತಾಯಿಗಲ್ಲ, ನನಗೆ ಎಂಬಂತೆ ಮೆಲ್ಲಗೆ ಹೇಳಿದರು, "ಕಾಪಿ ಏನೂ ಕೆಟ್ಟಿಲ್ಲ. ನಾನೇ ಮುಂದೆ ನೋಡಿಲ್ಲ. ಯಾರಾದ್ರೂ ಒನಕೇಲಿ ಹೊಡೆದುಬಿಟ್ರೆ ಅಂತ."

ಆಗ ನಾನು ಮೊದಲ ಬಾರಿಗೆ ಆ ಮುದುಕನನ್ನು ಸರಿಯಾಗಿ ನೋಡಿದೆ. ಸೊಂಟದ ಮೇಲಿನ ಕೈ. ಬನಿಯನ್ನಿನ ಹೊರಗೆ ಇಣುಕುವ ಬೆನ್ನಿನ ಮೂಳೆ. ಕೆ.ಆರ್. ನಗರದ ಮನೆಯಲ್ಲಿ ದಿನಾ ಬೆಳಿಗ್ಗೆ ಹಾಲು ತರಲು ಹೊರಡುವ ಮುಂಚೆ ಮಾವ ಹೀಗೇ ಬಗ್ಗಿ, ಮನೆಯವರನ್ನೆಲ್ಲ ಬೈಯುತ್ತಾ ಚಪ್ಪಲಿ ಹುಡುಕುತ್ತಿದ್ದರು.

ಟಿವಿ ಓಡುತ್ತಿತ್ತು. ಮಲಯ್ ಭಾಷೆಯ ಗೊಣಗಾಟವಷ್ಟೇ ಕೇಳಿಸುತ್ತಿತ್ತು. ಅದರ ಮೇಲೆ ಒಂದು ದನಿ ಎದ್ದಿತು. ದಪ್ಪಗಿನ, ಮೂಗಿನಲ್ಲಿ ಬರುವ, ಡ್ರಿಲ್ ಮೇಷ್ಟ್ರ ದನಿ.

"ಯಾವಳೇ ಅದು ನನ್ನ ಚಪ್ಪಲಿ ಮುಟ್ಟಿದ್ದು? ಈ ಮನೇಲಿ ಒಂದು ಶಿಸ್ತು ಅಂತ ಇದೆಯಾ?"

ಅತ್ತೆ ಹೇಳಿದ್ದು. ಹೇಳಿ ಒಂದು ಕ್ಷಣ ತಮಗೇ ಆಶ್ಚರ್ಯವಾದವರಂತೆ ಬಾಯಿಗೆ ಸೆರಗು ಹಿಡಿದರು. ಆಮೇಲೆ ಸೆರಗಿನೊಳಗಿಂದಲೇ ನಗು ಹೊರಟಿತು, ಭುಜ ಕುಲುಕುವಂತೆ. "ದಿನಾ ಹಿಂಗೇ ಬೈಯೋರು ಕಣೋ. ಅದು ಇವ್ರ ಕಾಲ ಹಿಂದೇನೇ ಇರೋದು."

ನನ್ನ ಹೆಂಡತಿ ಅಣ್ಣನ ಕಡೆ ನೋಡಿದಳು. ಭಾವ ಜೋಂಬಿಯ ದನಿಯಲ್ಲಲ್ಲ, ಮಗನ ದನಿಯಲ್ಲಿ ಹೇಳಿದರು.

"ಅಲ್ಲೇ ಇದೆ ಅಪ್ಪ. ಬಲಗಡೆ, ಕಂಬದ ಹತ್ರ."

ಪರದೆಯ ಮೇಲೆ ಮುದುಕನಿಗೆ ಚಪ್ಪಲಿ ಸಿಕ್ಕಿತು. ಕಂಬದ ಹತ್ತಿರವೇ ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ಪೊರಕೆ, ಒನಕೆ ಹಿಡಿದ ಜನ ಓಡಿಬಂದರು. ನಾಲ್ವರೂ ಮುಂದಕ್ಕೆ ಬಾಗಿ ಕೂತೆವು. ಗುಂಪಿನ ಮುಂದಿದ್ದ ಹೆಂಗಸೊಬ್ಬಳು ಅವನನ್ನು ಗುರುತಿಸಿದಳೇನೋ, ಕೈ ಚಾಚಿ ಎಲ್ಲರನ್ನೂ ತಡೆದಳು. ಒನಕೆಗಳು ಕೆಳಗಿಳಿದವು. ಮುದುಕ ಅವರ ನಡುವೆಯೇ ದಾರಿ ಮಾಡಿಕೊಂಡು, ಯಾರನ್ನೂ ಕಚ್ಚದೆ, ಚಪ್ಪಲಿ ಎಳೆಯುತ್ತಾ ಗದ್ದೆಯ ಬದುವಿನ ಮೇಲೆ ನಡೆಯತೊಡಗಿದ.

ಅವನ ಬೆನ್ನು ಚಿಕ್ಕದಾಗುತ್ತಾ ಹೋಯಿತು. ಭಾವ ಸ್ಟೂಲಿನಿಂದ ಎದ್ದು ನಿಂತಿದ್ದರು.

"ಹೋಗಿ ಬಾ ಅಪ್ಪ" ಎಂದರು.