ಒಂದೇ ಗುಂಡಿಯ ಅಶರೀರವಾಣಿ

ನಾಲ್ಕು ಸಾಲಿನ ಒಂದು ಪತ್ರ ಸುಂದರೇಶನ ಹತ್ತು ವರ್ಷಗಳ ನಿಶ್ಚಿಂತೆಯನ್ನು ಮುಳುಗಿಸಿಬಿಟ್ಟಿತು. ನರಸಿಂಹರಾಜಪುರದ ಬಳಿ ಭದ್ರಾ ಹಿನ್ನೀರಿನಲ್ಲಿ ಜನರನ್ನು ದಾಟಿಸುವ ಮೋಟರ್ ದೋಣಿ ಅವನದು. ಇನ್ನು ಮುಂದೆ ಅದರಲ್ಲಿ ರೇಡಿಯೊ ಇರತಕ್ಕದ್ದು. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ತಪಾಸಣಾಧಿಕಾರಿ ಶಾಲಿನಿ ಮೇಡಂ ಆಚೆ ದಡದಿಂದ ಕರೆಯತಕ್ಕದ್ದು. ನಡುನೀರಿನಿಂದ ಉತ್ತರ ಬಾರದಿದ್ದಲ್ಲಿ ದೋಣಿಯ ಪರವಾನಗಿ ರದ್ದು.

ಶುಕ್ರವಾರ ಬೆಳಿಗ್ಗೆ ಮಂಗಳೂರಿನ ವ್ಯಾಪಾರಿ ಧರ್ಮೇಶ್ ಮೂರು ರೇಡಿಯೊಗಳನ್ನು ತಂದು, ದಡದಲ್ಲಿದ್ದ ತುಂಗಮ್ಮನ ಚಹಾ ಹೋಟೆಲಿನ ಬೆಂಚಿನ ಮೇಲೆ ಸಾಲಾಗಿ ಇಟ್ಟ. ಚಹಾ ಕುಡಿಯುತ್ತಿದ್ದವರೆಲ್ಲ ಲೋಟ ಹಿಡಿದೇ ಸುತ್ತುವರಿದರು.

"ನೋಡಿ ಮಾರಾಯ್ರೆ," ಎಂದ ಸುಂದರೇಶ, "ಕನ್ನಡಕ ಇಲ್ದಿದ್ರೆ ನನಗೆ ಅಕ್ಷರ ಕಾಣೋದಿಲ್ಲ. ಕೈ ಯಾವಾಗ್ಲೂ ಒದ್ದೆ. ಸುಲಭದ್ದು ಯಾವ್ದೋ ಅದನ್ನ ಕೊಡಿ."

ಮೊದಲನೆಯದರ ಮೈತುಂಬ ಗುಂಡಿಗಳಿದ್ದವು. ಹಲಸಿನ ಹಣ್ಣಿಗೂ ಅಷ್ಟು ಮುಳ್ಳಿರಲಾರದು. ಸುಂದರೇಶ ಅದನ್ನು ಮುಟ್ಟಲೇ ಇಲ್ಲ. ಎರಡನೆಯದನ್ನು ಎತ್ತಿ ಧರ್ಮೇಶ್ ಹೇಳಿದ: "ಇದು ಬುದ್ಧಿವಂತ. ಐದು ನಿಮಿಷಕ್ಕಿಂತ ಹೆಚ್ಚು ಮಾತಾಡಿದ್ರೆ ತಾನೇ ಬಾಯಿ ಮುಚ್ಚಿಸ್ತದೆ."

"ಅಂಥದ್ದು ಅವ್ನ ಮನೇಲೇ ಒಂದುಂಟು," ಎಂದಳು ತುಂಗಮ್ಮ. ಎಲ್ಲರೂ ನಕ್ಕರು.

ಮೂರನೆಯದರ ಮೈಕಿಗೆ ಇದ್ದದ್ದು ಒಂದೇ ಗುಂಡಿ. "ಒತ್ತಿದ್ರೆ ನಿಮ್ಮ ಮಾತು ಹೋಗ್ತದೆ, ಬಿಟ್ರೆ ಅವರ ಮಾತು ಬರ್ತದೆ. ಎಷ್ಟು ಹೊತ್ತು ಮಾತಾಡಿದ್ರೂ ಇದು ಬೇಡ ಅನ್ನೋದಿಲ್ಲ," ಎಂದು ಹೇಳಿ, ಧರ್ಮೇಶ್ ತನ್ನ ಬಳಿಯಿದ್ದ ಜೊತೆ ಯಂತ್ರದೊಡನೆ ತಿರುವಿನಾಚೆಯ ಬಿದಿರುಮೆಳೆಯ ಹಿಂದೆ ಮರೆಯಾದ.

ಬಳಿಕ ಬೆಂಚಿನ ಮೇಲಿನ ಆ ಅಂಗೈಯಗಲದ ಪೆಟ್ಟಿಗೆಯಿಂದ ಗಂಭೀರವಾದ ದನಿ ಹೊರಟಿತು: "ಸುಂದರೇಶಣ್ಣಾ!"

ತಂತಿಯಿಲ್ಲ, ಆಧಾರವಿಲ್ಲ, ಬರಿಯ ಬಯಲನ್ನು ದಾಟಿ ಮನುಷ್ಯನ ಹೆಸರು ಮನುಷ್ಯನನ್ನು ಹುಡುಕಿಕೊಂಡು ಬಂದಿತ್ತು. ಶಬ್ದವು ಆಕಾಶದ ಗುಣವೆಂದು ಪ್ರಾಚೀನರು ಹೇಳಿದ್ದು ಅಂದು ಚಹಾ ಹೋಟೆಲಿನಲ್ಲಿ ಪ್ರತ್ಯಕ್ಷವಾಯಿತು. ಅಶರೀರವಾಣಿಯನ್ನು ಕೇಳಿದ ಪುರಾಣದ ಅರಸನಂತೆ ಸುಂದರೇಶ ಎದ್ದು ನಿಂತ. ತುಂಗಮ್ಮ ಚಪ್ಪಲಿ ಕಳಚಿ ಕೈಮುಗಿದಳು.

"ಇದೇ ಇರಲಿ," ಎಂದ ಸುಂದರೇಶ, ಮೆಲುದನಿಯಲ್ಲಿ.

ಇಂಥ ಮಹಿಮೆಯ ವಸ್ತುವನ್ನು ಪೂಜೆಯಿಲ್ಲದೆ ನೀರಿಗಿಳಿಸುವುದುಂಟೆ? ಆಚೆ ದಡದ ನೆಂಟರ ಮನೆಗೆ ಹೊರಟು ಬಂದಿದ್ದ ಸೀತೂರಿನ ಪುರೋಹಿತ ಯಜ್ಞೇಶ ಭಟ್ಟರು ಸಿದ್ಧರೇ ಇದ್ದರು. ದೋಣಿಗೆ ಕುಂಕುಮವಿಟ್ಟು, ಕಾಯಿ ಒಡೆದು, ರೇಡಿಯೊದ ಮುಂದೆ ಕುಳಿತು ಕೇಳಿದರು:

"ಇದರ ಜೀವ ಇರೋದು ಎಲ್ಲಿ ಮಾರಾಯ?"

"ಈ ಬಟನ್‌ನಲ್ಲೇ ಭಟ್ರೇ," ಎಂದು ತೋರಿಸಿ ಧರ್ಮೇಶ್ ಚಹಾದ ಕಡೆಗೆ ನಡೆದ.

ಭಟ್ಟರು ಜೀವಸ್ಥಾನಕ್ಕೆ ಗಂಧ ಹಚ್ಚಿ, ಅದರ ಮೇಲೊಂದು ದಾಸವಾಳದ ಮೊಗ್ಗಿಟ್ಟು, ಬೀಳದಂತೆ ಅರಿಸಿನದ ರಕ್ಷಾದಾರವನ್ನು ಒಂಬತ್ತು ಸುತ್ತು ಬಿಗಿದು ಗಂಟು ಹಾಕಿದರು. "ಇನ್ನು ಯಾವ ವಿಘ್ನವೂ ಬಾರದು," ಎಂದರು.

ಎರಡೂವರೆಗೆ ದೋಣಿ ಹೊರಟಿತು; ಅದರಲ್ಲಿ ಸುಂದರೇಶ, ಭಟ್ಟರು ಇಬ್ಬರೇ. ಹಿನ್ನೀರು ಆಕಾಶವನ್ನೇ ಹಾಸಿಕೊಂಡು ಮಲಗಿತ್ತು. ಆ ವಿಸ್ತಾರವನ್ನು ಕಂಡು ಭಟ್ಟರೂ ಮಾತು ಮರೆತರು, ಪಾದಗಳು ಒದ್ದೆಯಾಗುವವರೆಗೆ.

"ಕಾಲಡಿ ಎಂತ ತಣ್ಣಗಾಗ್ತದೆ?"

"ಹಳೇ ತೂತು ಭಟ್ರೇ. ಮೇಣ ಮೆತ್ತಿ ಚಾಪೆ ಹಾಸಿದ್ದೇನೆ. ಮೇಡಂ ಚಾಪೆ ಎತ್ತಿ ನೋಡ್ತಾರಾ? ಪುಸ್ತಕ ಬಿಟ್ಟು ಕಣ್ಣೆತ್ತೋದಿಲ್ಲ ಅವರು."

"ಮುಳುಗಿದ್ರೆ?"

"ಲೈಫ್ ಜಾಕೆಟ್ ಉಂಟಲ್ಲ, ಹನ್ನೆರಡು."

ಭಟ್ಟರು ಒಂದನ್ನು ಎತ್ತಿಕೊಳ್ಳಹೋದರು. "ಅದಲ್ಲ, ಅದಲ್ಲ!" ಎಂದ ಸುಂದರೇಶ. "ಬಲಗಡೆಯ ಐದು ಮಾತ್ರ ನಿಜವಾದ್ದು. ಉಳಿದ ಏಳರೊಳಗೆ ತೆಂಗಿನ ಸಿಪ್ಪೆ. ಲೆಕ್ಕಕ್ಕೆ ಇಟ್ಟದ್ದು."

ಮೂರು ಗಂಟೆಯಾಯಿತು. ಇಬ್ಬರೂ ಮೈಕನ್ನೇ ನೋಡಿದರು. ಅದು ಮೌನವ್ರತ ಹಿಡಿದ ಋಷಿಯಂತೆ ಸುಮ್ಮನಿತ್ತು. ಮೂರೂಕಾಲಾಯಿತು.

"ಮೇಡಂ ಮರೆತ್ರು ಭಟ್ರೇ!" ಸುಂದರೇಶನ ಎದೆ ಹಗುರವಾಯಿತು. "ತುಂಗಕ್ಕನ ಹೋಟ್ಲಲ್ಲಿ ಚಾ ಕುಡಿದು ಬಸ್ಸಲ್ಲಿ ಆಚೆ ಹೋಗಿರಬೇಕು. ಆ ಚಾ ಕುಡಿದೋರಿಗೆ ನಿದ್ದೆಯೇ ಬರೋದು. ಈ ಹಿನ್ನೀರೇ ಅದಕ್ಕಿಂತ ಗಟ್ಟಿ!"

ಭಟ್ಟರು ಮನಸಾರೆ ನಕ್ಕರು.

ಆಚೆ ದಡದಲ್ಲಿ ಶಾಲಿನಿ ಮೇಡಂ ನೀರಂಚಿಗೇ ಬಂದು ನಿಂತಿದ್ದರು. ಸುಂದರೇಶ ವಿನಯದಿಂದ ಕೈಮುಗಿದ.

"ಕರೆಯೇ ಬರಲಿಲ್ಲ ಮೇಡಂ."

"ಬರ್ಲಿಕ್ಕೆ ನೀವು ಬಿಟ್ರೆ ತಾನೇ?" ಎಂದರು ಮೇಡಂ. "ಆ ಚಾಪೆ ಎತ್ತಿ."

ಸುಂದರೇಶ ಎತ್ತಿದ.

"ಎಡಗಡೆಯ ಏಳು ಜಾಕೆಟ್ ಇತ್ತ ಕೊಡಿ. ಸಿಪ್ಪೆ ಒಣಗಿದೆಯಾ ನೋಡ್ತೇನೆ."

ಸುಂದರೇಶ ಕೈಲಿದ್ದ ಚಾಪೆಯನ್ನು ಕೆಳಗೆ ಬಿಟ್ಟ. ಕಾಣದ್ದನ್ನು ಕಾಣುವ ಈ ಮಹಾತಾಯಿ ಯಾರು? ಭಟ್ಟರಂತೂ ನಿಂತಲ್ಲೇ ನಮಸ್ಕರಿಸಿದರು: "ದಿವ್ಯದೃಷ್ಟಿ!"

"ದೃಷ್ಟಿ ಅಲ್ಲ ಭಟ್ರೇ, ಕಿವಿ." ಮೇಡಂ ದೋಣಿಗೆ ಹತ್ತಿ ಮೈಕನ್ನು ಎತ್ತಿ ಹಿಡಿದರು. ಒಂಬತ್ತು ಸುತ್ತಿನ ರಕ್ಷಾದಾರದ ಕೆಳಗೆ, ಮೊಗ್ಗಿನ ಭಾರಕ್ಕೆ ತಲೆಬಾಗಿ, ಗುಂಡಿ ಒಳಕ್ಕೆ ಹೂತುಹೋಗಿತ್ತು. "ಪೂಜೆಯ ಮಂತ್ರದಿಂದ ಹಿಡಿದು ಎಲ್ಲ ಕೇಳಿದ್ದೇನೆ. ಒಂದು ಅಕ್ಷರ ಒಡೆದಿಲ್ಲ. ಇಷ್ಟು ಸ್ಪಷ್ಟ ರೇಡಿಯೊ ನಾನು ನೋಡೇ ಇಲ್ಲ."

ಪುಸ್ತಕ ತೆರೆದು ಬರೆದರು: ರೇಡಿಯೊ ಉತ್ತೀರ್ಣ. ಅದರ ಕೆಳಗೆ ಬರೆದರು: ದೋಣಿ ಅನುತ್ತೀರ್ಣ, ತೂತು ಮುಚ್ಚಿ ಜಾಕೆಟ್ ತರುವವರೆಗೆ ನೀರಿಗಿಳಿಯತಕ್ಕದ್ದಲ್ಲ.

"ಹಾಗಾದ್ರೆ ನಾನು ಆಚೆ ಹೋಗೋದು ಹ್ಯಾಗೆ ಮೇಡಂ?"

"ಐದಕ್ಕೆ ಬಸ್ಸುಂಟು. ಹಿನ್ನೀರು ಸುತ್ತಿ ಹೋಗೋ ಹೊತ್ತಿಗೆ ಇನ್ನೂ ಬೆಳಕಿರ್ತದೆ." ಹಾಗೆ ಹೇಳುತ್ತ ಮೇಡಂ ದಾರದ ಗಂಟನ್ನು ಬಿಚ್ಚಿದರು.

ಗುಂಡಿ ಟಕ್ಕೆಂದು ಮೇಲೆದ್ದಿತು. ಅಷ್ಟುದ್ದ ಹಿನ್ನೀರನ್ನು ಒಂದೇ ನೆಗೆತಕ್ಕೆ ದಾಟಿ ಧರ್ಮೇಶನ ಉಲ್ಲಾಸದ ದನಿ ಬಂದಿತು: "ಸುಂದರೇಶಣ್ಣಾ, ನಿಲ್ಲಿಸಿದ್ದು ಎಂತಕ್ಕೆ? ಇಲ್ಲಿ ಹೋಟ್ಲಲ್ಲಿ ಇಪ್ಪತ್ತು ಜನ ಕೂತು ಕೇಳ್ತಿದ್ರು!"

ಅದರ ಹಿಂದೆಯೇ ಇನ್ನೊಂದು ದನಿ, ಮೆತ್ತಗೆ, ಮಗ್ಗುಲಲ್ಲೇ ನಿಂತು ನುಡಿದಂತೆ:

"ಸುಂದರೇಶಾ, ನನ್ನ ಚಾ ಎಷ್ಟು ತೆಳು ಅಂದೆ?"

ಭಟ್ಟರು ಛತ್ರಿ ತೆಗೆದುಕೊಂಡು ನೆಂಟರ ಮನೆಯ ದಾರಿ ಹಿಡಿದರು. ಸುಂದರೇಶ ಮೈಕಿಗೆ ಭಕ್ತಿಯಿಂದ ಎರಡೂ ಕೈ ಮುಗಿದ. ಗುಂಡಿ ಒತ್ತುವುದು ಬಹಳ ಸುಲಭವಾಗಿತ್ತು, ಅವನು ಒತ್ತಲಿಲ್ಲ.