ಮೇಲಿನ ಬೀದಿಯಿಂದ ಶುರುವಾಗುವ ಒಂದು ಸಣ್ಣ ನೆರೆಗಾಗಿ ಕೋರಿಕೆ

ಇಂದ,
ಶಿವಮೂರ್ತಪ್ಪ ಬಿನ್ ಲೇಟ್ ಬಸವರಾಜಪ್ಪ,
ಎಚ್ಚರಿಕೆ ಸಂಚಾಲಕ (ಗೌರವ), ಗ್ರಾಮ ವಿಪತ್ತು ರಕ್ಷಣಾ ದಳ,
ಮನೆ ನಂಬರು 22, ನಡುಬೀದಿ, ಸೊಪ್ಪಿನಕಟ್ಟೆ ಗ್ರಾಮ,
ಅಜ್ಜಂಪುರ ಹೋಬಳಿ, ತರೀಕೆರೆ ತಾಲ್ಲೂಕು.

ಗೆ,
ಶ್ರೀ ರಾಮಸ್ವಾಮಿಯವರು, ಅಧ್ಯಾಪಕರು,
ವಿದ್ಯಾರ್ಥಿ ಗ್ರಾಮಸೇವಾ ಶಿಬಿರದ ಅಧಿಕಾರಿಗಳು,
ಕಡೂರು.

ದಿನಾಂಕ: 17-1-1983, ಸೋಮವಾರ

ವಿಷಯ: ನಮ್ಮ ಗ್ರಾಮಕ್ಕೆ ಒಂದು ಸಣ್ಣ ಪ್ರಮಾಣದ ನೆರೆಯನ್ನು ಫೆಬ್ರವರಿ ಹತ್ತರೊಳಗೆ ಮಂಜೂರು ಮಾಡಿಸಿಕೊಡುವ ಬಗ್ಗೆ.

ಉಲ್ಲೇಖ:
1) ದಿನಾಂಕ 27-12-1981ರಂದು ತಾವು ನಮ್ಮೂರ ಶಾಲೆಯ ಜಗಲಿಯ ಮೇಲೆ ನಿಂತು ಆಡಿದ ಮಾತು: "ನೀರಿಗೆ ಮರ್ಯಾದೆ ಗೊತ್ತಿಲ್ಲ, ಶಿವಮೂರ್ತಪ್ಪನವರೇ."
2) ದಿನಾಂಕ 16-10-1982ರಂದು ಪಟೇಲ್ ಬೆನಕಪ್ಪನವರು ತಮ್ಮ ಜಗಲಿಯ ಮೇಲೆ ಕೂತು ಆಡಿದ ಮಾತು. ಕೆಳಗೆ ಕಲಂ 6 ನೋಡುವುದು.
3) ಅದೇ ದಿನ ನನ್ನ ಹೆಂಡತಿ ಆಡಿದ ಮಾತು. ಅದರಲ್ಲಿ ಬರೆಯಬಹುದಾದಷ್ಟನ್ನು ಕಲಂ 8ರಲ್ಲಿ ಬರೆದಿದೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕೆಳಗೆ ಸಹಿ ಮಾಡಿರುವ ನಾನು, ಸ್ವಸ್ಥ ಬುದ್ಧಿಯಿಂದ, ಹೆಂಡತಿಯ ಹೊರತು ಬೇರೆ ಯಾರ ಒತ್ತಾಯವೂ ಇಲ್ಲದೆ, ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಅರ್ಜಿದಾರನ ಮನೆತನವು ಮೂರು ತಲೆಮಾರಿನಿಂದ ಊರಿನ ಶುಭಾಶುಭಗಳಿಗೆ ಮನೆಮನೆ ಕರೆಯುವ ಕೆಲಸ ಮಾಡಿಕೊಂಡು ಬಂದಿದೆ. ನಮ್ಮಲ್ಲಿ ಕರೆಯುವುದೆಂದರೆ ಬಾಗಿಲಲ್ಲಿ ನಿಂತು ಕೂಗುವುದಲ್ಲ. ಒಳಗೆ ಹೋಗಬೇಕು, ಕೂರಬೇಕು, ಕೊಟ್ಟದ್ದನ್ನು ಕುಡಿಯಬೇಕು, ದನಕರು ಮಳೆಬೆಳೆ ವಿಚಾರಿಸಬೇಕು, ಆಮೇಲೆ ಎಲೆ ಅಡಿಕೆ ಕೈಗಿಟ್ಟು "ಮನೆಮಂದಿಯೆಲ್ಲಾ ಬರಬೇಕು" ಅನ್ನಬೇಕು. ಮೊದಲ ವೀಳ್ಯ ಮೇಲಿನ ಬೀದಿಯ ಪಟೇಲ್ ಬೆನಕಪ್ಪನವರ ಮನೆಗೆ. ಪಟೇಲಿಕೆ ರದ್ದಾಗಿ ಇಪ್ಪತ್ತು ವರ್ಷವಾಯಿತು. ಬೆನಕಪ್ಪನವರಿಗೆ ಅದನ್ನು ಇನ್ನೂ ಯಾರೂ ತಿಳಿಸಿಲ್ಲ. ಕೊನೆಯ ವೀಳ್ಯ ಕೆಳಗಿನ ಕೇರಿಯಲ್ಲಿ ಕೆರೆ ತೂಬಿನ ಪಕ್ಕದ ಅಂಜಿನಮ್ಮನವರ ಮನೆಗೆ. ನಡುವಿನ ಮೂವತ್ತೊಂಬತ್ತು ಮನೆಗಳ ಸರದಿ ನನಗೆ ಬಾಯಿಪಾಠ. ಒಂದು ಮನೆ ಬಿಟ್ಟುಹೋದರೆ ಆ ಮನೆಯವರು ಮೂರು ವರ್ಷ ಮಾತಾಡುವುದಿಲ್ಲ. ಸರದಿ ಹಿಂದುಮುಂದಾದರೆ ಮಾತಾಡುತ್ತಾರೆ. ಅದು ಇನ್ನೂ ಕಷ್ಟ.

2. ಹೀಗಿರುವಲ್ಲಿ, ತಾವು ಐವತ್ತು ಮಂದಿ ವಿದ್ಯಾರ್ಥಿಗಳೊಂದಿಗೆ ನಮ್ಮೂರಿಗೆ ದಯಮಾಡಿಸಿ, ಹತ್ತು ದಿನ ಶ್ರಮದಾನ ಮಾಡಿ, ಕೆರೆ ಏರಿಗೆ ಮಣ್ಣು ಹಾಕಿಸಿ, ಹೊಂಗೆ ಸಸಿ ನೆಡಿಸಿ (ಸಸಿಗಳು ಮೇಕೆಗಳಿಗೆ ಹಿಡಿಸಿವೆ), ಊರವರೇ ಊರನ್ನು ಕಾಯಬೇಕೆಂದು ರಕ್ಷಣಾ ದಳ ಕಟ್ಟಿದಿರಿ. ಕರೆಯುವುದರಲ್ಲಿ ಅನುಭವಸ್ಥನೆಂಬ ಕಾರಣದಿಂದ ನನ್ನನ್ನು ಎಚ್ಚರಿಕೆ ಸಂಚಾಲಕನನ್ನಾಗಿ ನೇಮಿಸಿ, ಒಂದು ಸೀಟಿ, ಒಂದು ತೋಳುಪಟ್ಟಿ, ಒಂದು ಸೂಚನಾ ಪುಸ್ತಕ ಕೊಟ್ಟಿರಿ. ಅಂದಿನಿಂದ ಊರಿನಲ್ಲಿ ನನ್ನ ಹೆಸರು ಸೀಟಿ ಶಿವಮೂರ್ತಪ್ಪ. ಇದರ ಬಗ್ಗೆ ನನ್ನ ದೂರೇನೂ ಇಲ್ಲ.

3. ಏರಿ ಒಡೆದರೆ ನೀರು ಮೊದಲು ಯಾರ ಮನೆಗೆ ನುಗ್ಗುತ್ತದೋ ಅವರಿಗೆ ಮೊದಲು ಸುದ್ದಿ ಮುಟ್ಟಬೇಕೆಂದು ತಾವು ಎಲ್ಲ ಬಾಗಿಲುಗಳಿಗೆ ಕೆಂಪು ಬಣ್ಣದಲ್ಲಿ ನಂಬರು ಹಾಕಿಸಿದಿರಿ. ಅಂಜಿನಮ್ಮನವರಿಗೆ 1. ಎತ್ತರದಲ್ಲಿರುವ ಪಟೇಲರಿಗೆ 41. ಅಂದರೆ ನನ್ನ ಸರದಿಯನ್ನು ತಲೆಕೆಳಗು ಮಾಡಿದಿರಿ. ಹೀಗೆ ಮಾಡಿದರೆ ಊರಲ್ಲಿ ಇರಲಾಗುವುದಿಲ್ಲ ಸ್ವಾಮಿ ಎಂದು ನಾನು ಕೈಮುಗಿದಾಗಲೇ ತಾವು ಉಲ್ಲೇಖ 1ರ ಮಾತನ್ನು ಹೇಳಿದ್ದು. ತಾವು ಮಾರನೆಯ ದಿನ ಕಡೂರಿನ ಬಸ್ಸು ಹತ್ತಿದಿರಿ. ಪಟೇಲರು ಅದೇ ದಿನ ತಮ್ಮ ಬಾಗಿಲಿನ 4ನ್ನು ಕೆರೆಸಿಹಾಕಿದರು. ಆದಕಾರಣ, ಸದರಿ ಗ್ರಾಮದಲ್ಲಿ ಈಗ ಒಂದನೇ ನಂಬರಿನ ಮನೆಗಳು ಎರಡಿವೆ.

4. ಇಲ್ಲಿ ಒಂದು ತಪ್ಪೊಪ್ಪಿಗೆ. ಹೋಗುವ ಮುಂಚೆ ತಾವು ನಡೆಸಿದ ಅಣಕು ನೆರೆಯಲ್ಲಿ, ಎರಡು ಬಿಂದಿಗೆ ನೀರನ್ನು ಬೀದಿಗೆ ಚೆಲ್ಲಿ ನಾನು ಸೀಟಿ ಊದಿದ ಕೂಡಲೇ ಇಡೀ ಊರು ಶಾಲೆಯ ದಿಣ್ಣೆಗೆ ಬಂದು ಸೇರಿತಷ್ಟೆ. ಅದನ್ನು ನೋಡಿ ತಾವು ನಮ್ಮದನ್ನು ಮಾದರಿ ಗ್ರಾಮ ಎಂದು ವರದಿ ಬರೆದಿರಿ. ಅವರೆಲ್ಲ ಬಂದದ್ದು ಸೀಟಿಗಲ್ಲ. ಹಿಂದಿನ ದಿನವೇ ನಾನು ಪಟೇಲರಿಂದ ಹಿಡಿದು ಅಂಜಿನಮ್ಮನವರವರೆಗೆ ಎಲೆ ಅಡಿಕೆ ಕೊಟ್ಟು, "ನಾಳೆ ಹತ್ತು ಗಂಟೆಗೆ ನೆರೆ ಇಟ್ಟುಕೊಂಡಿದ್ದೇವೆ, ಮನೆಮಂದಿಯೆಲ್ಲಾ ಬರಬೇಕು" ಎಂದು ಕರೆದು ಬಂದಿದ್ದೆ. ಇದನ್ನು ತಮಗೆ ತಿಳಿಸಿರಲಿಲ್ಲ.

5. ದಿನಾಂಕ 16-10-1982ರ ಶನಿವಾರ, ಚಿತ್ತೆ ಮಳೆ ಮೂರನೆಯ ದಿನವೂ ಬಿಡದಿದ್ದಾಗ, ಮಧ್ಯಾಹ್ನ ಮೂರರ ಸುಮಾರಿಗೆ ಕೊಡೆ ಹಿಡಿದು ಏರಿ ನೋಡಲು ಹೋದೆ. ತೂಬಿನ ಪಕ್ಕ ಒಂದು ತೂತು ಬಿದ್ದು ಕೆಂಪು ನೀರು ಬರುತ್ತಿತ್ತು. ಬೆರಳು ಗಾತ್ರ ಇದ್ದದ್ದು ನಾನು ನೋಡುತ್ತಿದ್ದಂತೆಯೇ ತೋಳು ಗಾತ್ರವಾಯಿತು. ಸೀಟಿ ಊದಿದೆ, ಓಡಿದೆ. ಮೂವತ್ತು ವರ್ಷದ ಅಭ್ಯಾಸಬಲದಿಂದ ಕಾಲು ತಾನಾಗಿಯೇ ಪಟೇಲರ ಮನೆ ಕಡೆ ಎಳೆಯಿತು. ಅರ್ಧ ದಾರಿಯಲ್ಲಿ ತಮ್ಮ ಪುಸ್ತಕ ನೆನಪಾಗಿ ಹಿಂತಿರುಗಿ ಅಂಜಿನಮ್ಮನವರ ಬಾಗಿಲು ಬಡಿದೆ. ಆಕೆ ಒಂದು ಮಾತೂ ಕೇಳದೆ ಕೋಳಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ದಿಣ್ಣೆಯ ಕಡೆ ಹೊರಟೇಬಿಟ್ಟರು. ಹತ್ತು ನಿಮಿಷದಲ್ಲಿ ಕೆಳಗಿನ ಕೇರಿಯ ಹದಿನಾಲ್ಕು ಮನೆಯೂ ಖಾಲಿ. ಇಲ್ಲಿಯವರೆಗೆ ತಮ್ಮ ಯೋಜನೆಯಲ್ಲಿ ದೋಷವಿಲ್ಲ.

6. ಆದರೆ ತೂತು ಮುಚ್ಚಲು ಬೇಕಾದ ನೂರು ಗೋಣಿಚೀಲಗಳನ್ನು ತಾವು ಗೌರವದ ದೃಷ್ಟಿಯಿಂದ ಪಟೇಲರ ಅಟ್ಟದಲ್ಲಿ ಇರಿಸಿ ಹೋಗಿದ್ದಿರಿ. ಗುದ್ದಲಿ ಹಿಡಿಯುವ ಗಟ್ಟಿ ಆಳುಗಳೂ ಮೇಲಿನ ಬೀದಿಯಲ್ಲೇ ಹೆಚ್ಚು. ಆದ್ದರಿಂದ ಅಲ್ಲಿಗೆ ಓಡಿಹೋಗಿ, ಪಟೇಲರ ಮನೆ ಮುಂದೆ ಬೀದಿಯಲ್ಲಿ ನಿಂತು, ಸೀಟಿ ಊದಿ, ಏರಿ ಹೋಗುತ್ತಿದೆ ಬನ್ನಿ ಎಂದು ಕೂಗಿದೆ. ಪಟೇಲರು ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆಯೆತ್ತದೆ ಅಂದರು:

"ಏನಪ್ಪಾ ಶಿವಮೂರ್ತಿ, ಕೆಳಗಿನ ಕೇರಿಗೆಲ್ಲಾ ಹೇಳಾದ್ಮೇಲೆ ನಮ್ಮನೆ ನೆನಪಾಯ್ತಾ? ಬೀದೀಲಿ ನಿಂತ್ಕಂಡು ಸೀಟಿ ಊದಿದ್ರೆ ಹೊರಡಾಕೆ ನಾವೇನು ಬಸ್ಸೇನೋ?"

7. ನಾನು ಒಳಗೆ ಹೋಗಿ ಕೂತೆ. ಕಾಫಿ ಬಂತು. ಬಿಸಿಯಿತ್ತು. ತಟ್ಟೆಗೆ ಸುರಿದುಕೊಂಡು ಕುಡಿದೆ. ಪಟೇಲರು ನನ್ನ ಎಮ್ಮೆ ಕರು ಹಾಕಿತೇ ಎಂದು ವಿಚಾರಿಸಿದರು. ಹಾಕಿದೆ, ಹೆಣ್ಣು ಕರು ಎಂದೆ. ತೀರ್ಥಪ್ಪನಿಗೆ ಹೇಳಿಯಾಯಿತೇ ಎಂದು ಕೇಳಿದರು. ತೀರ್ಥಪ್ಪ ಪಕ್ಕದ ಮನೆಯ ಅಂಗಡಿಯವನು, ಇವರ ದಾಯಾದಿ. ಇಲ್ಲ, ತಮಗೇ ಮೊದಲು ಎಂದ ಮೇಲೆ ಮುಖ ಸ್ವಲ್ಪ ಸಡಿಲವಾಯಿತು. ಎಲೆ ಅಡಿಕೆ ನಾನು ತಂದಿರಲಿಲ್ಲವಾದ್ದರಿಂದ ಅವರ ತಟ್ಟೆಯಿಂದಲೇ ತೆಗೆದು ಅವರಿಗೇ ಕೊಟ್ಟು, "ಏರಿ ಒಡೀತೈತೆ, ಮನೆಮಂದಿಯೆಲ್ಲಾ ಬರಬೇಕು" ಎಂದೆ. ನೋಡೋಣ ಎಂದರು. ಇದೇ ಪ್ರಕಾರ ಇನ್ನೂ ಆರು ಮನೆಗಳಲ್ಲಿ ಆರು ಕಾಫಿ ಕುಡಿದಿದ್ದೇನೆ. ತೀರ್ಥಪ್ಪನ ಮನೆಯಲ್ಲಿ ಮಂಡಕ್ಕಿಯನ್ನೂ ಕೊಟ್ಟರು. ಬೇಡವೆಂದರೆ ಪಟೇಲರ ಮನೆಯಲ್ಲಿ ತಿಂದು ಬಂದನೆಂದು ತಿಳಿದಾರು ಎಂಬ ಕಾರಣಕ್ಕೆ ತಿಂದೆ.

ಮೇಲಿನ ಬೀದಿ ಹೊರಟಿತು. ಪಟೇಲರು ಕೊಡೆ ಹಿಡಿದು ಮುಂದೆ, ಅವರ ಹಿಂದೆ ಸರದಿಯ ಪ್ರಕಾರ ಗುದ್ದಲಿ, ಮಂಕರಿ, ಗೋಣಿಚೀಲ ಹೊತ್ತವರು. ಪಟೇಲರಿಗೆ ಮೊಣಕಾಲು ನೋವು. ಅವರನ್ನು ದಾಟಿ ಮುಂದೆ ಹೋಗುವ ಧೈರ್ಯ ಯಾರಿಗೂ ಬರಲಿಲ್ಲ. ನನಗೂ ಬರಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

8. ನಾವು ಹೋಗಿ ನೋಡುವಷ್ಟರಲ್ಲಿ ತೂತು ಮುಚ್ಚಿತ್ತು. ನಡೆದದ್ದೇನೆಂದರೆ, ದಿಣ್ಣೆ ಹತ್ತಿದ ಅಂಜಿನಮ್ಮನವರು ಮೇಲಿಂದ ನೋಡಿ, ಗುದ್ದಲಿಯವರು ಯಾರೂ ಬಾರದಿರುವುದನ್ನು ಕಂಡು, ಕೋಳಿ ಬುಟ್ಟಿಯನ್ನು ಶಾಲೆಯ ಜಗಲಿಯ ಮೇಲಿಟ್ಟು, ಕೇರಿಯ ಹೆಂಗಸರನ್ನು ಕಟ್ಟಿಕೊಂಡು ವಾಪಸು ಇಳಿದಿದ್ದರು. ದಾರಿಯಲ್ಲಿ ನನ್ನ ಮನೆಯ ಮುಂದೆ ನಿಂತು, ತುರುಕಲು ಏನಾದರೂ ದಪ್ಪನೆಯದು ಕೊಡಿ ಎಂದು ನನ್ನ ಹೆಂಡತಿ ಪ್ರೇಮಮ್ಮನನ್ನು ಕೇಳಿದರಂತೆ. ಆಕೆ ಮಗಳ ಮದುವೆಗೆಂದು ಅಜ್ಜಂಪುರದಲ್ಲಿ ಹೊಲಿಸಿ ತಂದಿದ್ದ ಹೊಸ ಅರಳೆ ಹಾಸಿಗೆಯನ್ನು ತಾನೇ ಹೊತ್ತು ತಂದಳು. ಹಾಸಿಗೆಯನ್ನು ಸುತ್ತಿ ತೂತಿಗೆ ತುರುಕಿ, ಮೇಲೆ ಕಲ್ಲು ಮಣ್ಣು ಹೇರಿ, ಎಲ್ಲರೂ ತುಳಿದು ನಿಂತಿದ್ದರು. ಪ್ರೇಮಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಕಾಫಿ ಆಯ್ತೇನ್ರೀ?" ಅಂದಳು. ಉಳಿದದ್ದನ್ನು ಬರೆಯುವುದಿಲ್ಲ.

ಪಟೇಲರು ಏರಿಯನ್ನು ಪರಿಶೀಲಿಸಿ, ಪರವಾಗಿಲ್ಲ ಎಂದು ಅಪ್ಪಣೆ ಕೊಡಿಸಿ, ಬಂದ ಸರದಿಯಲ್ಲೇ ಎಲ್ಲರನ್ನೂ ವಾಪಸು ಕರೆದುಕೊಂಡು ಹೋದರು.

9. ಸದರಿ ಹಾಸಿಗೆ ಇಂದಿಗೂ ಏರಿಯೊಳಗೇ ಇದೆ. ಅದಕ್ಕೆ ಪರಿಹಾರ ಕೋರುತ್ತಿಲ್ಲ.

10. ಈಗ ಮುಖ್ಯ ಸಂಗತಿ. ನನ್ನ ಒಬ್ಬಳೇ ಮಗಳು ಚಿ. ಸೌ. ಮಲ್ಲಿಕಾಂಬಳ ಮದುವೆ ಬರುವ ಫೆಬ್ರವರಿ 17ರ ಗುರುವಾರ ನಿಶ್ಚಯವಾಗಿದೆ. ಬೀಗರು ಹಿರೇನಲ್ಲೂರಿನವರು, ಸಂಖ್ಯೆಯಲ್ಲೂ ಬಾಯಲ್ಲೂ ದೊಡ್ಡವರು. ಮೇಲಿನ ಬೀದಿಯವರು ಯಾರೂ ಮದುವೆಗೆ ಬರುವುದಿಲ್ಲವೆಂದು ಸುದ್ದಿ ಕಳಿಸಿದ್ದಾರೆ. ನೆರೆಗೆ ಕೊನೆಯಲ್ಲಿ ಕರೆದವನ ಮನೆಯಲ್ಲಿ ಮೊದಲ ಪಂಕ್ತಿಗೆ ಕೂರಲು ತಮಗೂ ಮಾನವಿದೆ ಎನ್ನುತ್ತಾರೆ. ಇಡೀ ಊರಿಗೆ ಮೂವತ್ತು ವರ್ಷ ಕರೆದವನ ಮನೆಯ ಚಪ್ಪರ ಖಾಲಿ ಇದ್ದರೆ ಬೀಗರು ಏನೆಂದುಕೊಂಡಾರು? ಮಗಳು ಕಾಫಿ ಕೊಡುವಾಗ ಲೋಟವನ್ನು ಸ್ವಲ್ಪ ಜೋರಾಗಿ ಇಡುತ್ತಾಳೆ.

11. ಕಾಲಿಗೆ ಬಿದ್ದು ಕೇಳಿದ ಮೇಲೆ ಪಟೇಲರು ಒಂದು ದಾರಿ ತೋರಿಸಿದ್ದಾರೆ. ಮುಂದಿನ ಸಲ ಏರಿ ಒಡೆಯುವಾಗ ಮೊದಲು ತಮ್ಮ ಮನೆಗೆ ಬಂದು ಕರೆದರೆ ಹಳೆಯದನ್ನೆಲ್ಲ ಮರೆಯುವುದಾಗಿಯೂ, ಆಮೇಲೆ ಮದುವೆಯ ವೀಳ್ಯ ಯಾರಿಗೆ ಮೊದಲು ಕೊಟ್ಟರೂ ಕೇಳುವುದಿಲ್ಲವೆಂದೂ ಮಾತು ಕೊಟ್ಟಿದ್ದಾರೆ. ಆದರೆ ಮುಂದಿನ ಮಳೆಗಾಲ ಜೂನ್ ತಿಂಗಳಲ್ಲಿ. ಮದುವೆ ಫೆಬ್ರವರಿಯಲ್ಲಿ.

12. ಹಾಗಾದರೆ ಸುಮ್ಮನೆ ಮೊದಲ ವೀಳ್ಯವನ್ನು ಎಂದಿನಂತೆ ಪಟೇಲರಿಗೇ ಕೊಟ್ಟು ಸಮಾಧಾನ ಮಾಡಬಾರದೇ ಎಂದು ತಾವು ಕೇಳಬಹುದು. ನಾನೂ ಅದನ್ನೇ ಯೋಚಿಸಿದ್ದೆ. ಆದರೆ ಆ ದಿನ ಪಟೇಲರು ಹೊರಟುಹೋದ ಮೇಲೆ, ಅಂಜಿನಮ್ಮನವರು ಏರಿಯ ಮೇಲೆ ಕೂತು ಕಾಲಿನ ಕೆಸರು ಒರೆಸಿಕೊಳ್ಳುತ್ತಾ ನನ್ನನ್ನು ಕೇಳಿದರು: "ನೀರಿಗೆ ಮೊದ್ಲು ನನ್ನೇ ಕರೆದ್ರಿ, ಶಿವಮೂರ್ತಪ್ನೋರೇ. ಮಗಳ ಮದ್ವೆ ಊಟಕ್ಕೂ ಮೊದ್ಲು ನನ್ನೇ ಕರೀತೀರಾ?"

ಆಕೆ ತಮಾಷೆಗೆ ಕೇಳಿದ್ದು. ನಕ್ಕರು ಕೂಡ. ನನಗೆ ನಗು ಬರಲಿಲ್ಲ. ಕಷ್ಟಕ್ಕೆ ಒಂದನೇ ನಂಬರು, ಊಟಕ್ಕೆ ನಲವತ್ತೊಂದು. ಈ ಲೆಕ್ಕವನ್ನು ಮೂವತ್ತು ವರ್ಷ ನಾನೇ ಮನೆಮನೆಗೆ ಹೊತ್ತು ತಿರುಗಿದ್ದೇನೆ, ಒಂದು ದಿನವೂ ತಪ್ಪೆನಿಸಿರಲಿಲ್ಲ. ಈಗ ಆಕೆಯ ಮನೆಯನ್ನು ಕೊನೆಗೆ ಇಟ್ಟುಕೊಂಡು ಹೊರಡೋಣವೆಂದರೆ ಕಾಲು ಏಳುವುದಿಲ್ಲ.

ಆದ್ದರಿಂದ, ಹಾಗೂ ಮೇಲೆ ಹೇಳಿದ ಎಲ್ಲ ಕಾರಣಗಳ ಕಾರಣದಿಂದ, ತಾವು ದಯಮಾಡಿ,

(ಅ) ನಮ್ಮೂರಿಗೆ ಒಂದು ಸಣ್ಣ ನೆರೆಯನ್ನು ಮಂಜೂರು ಮಾಡಿಸಬೇಕು. ಪಾದ ಮುಳುಗುವಷ್ಟಿದ್ದರೆ ಸಾಕು. ಮೇಲಿನ ಬೀದಿಯಿಂದ ಆರಂಭವಾಗಿ ಕೆಳಗಿನ ಕೇರಿ ತಲುಪುವ ಮುಂಚೆ ನಿಲ್ಲಬೇಕು.

(ಆ) ಹಾಗೆ ಮಾಡಬೇಕಾದರೆ ಕೆರೆಯ ನೀರು ಮೊದಲು ದಿಬ್ಬ ಹತ್ತಬೇಕಾಗುತ್ತದೆ ಎಂಬುದು ಅರ್ಜಿದಾರನ ಗಮನದಲ್ಲಿದೆ. ಈ ಒಂದು ಬಾರಿಗೆ ನಿಯಮ ಸಡಿಲಿಸಬೇಕು. ಪಟೇಲರ ಮನೆಗೆಂದರೆ ನೀರೂ ಹತ್ತಿಬರುತ್ತದೆಂದು ಪಟೇಲರೇ ನಂಬುತ್ತಾರೆ.

(ಇ) ನಿಜವಾದ ನೆರೆ ಈ ಕಾಲದಲ್ಲಿ ದಾಸ್ತಾನು ಇಲ್ಲವೆಂದಾದಲ್ಲಿ, ಹಿಂದಿನ ಎರಡು ಬಿಂದಿಗೆಯ ನೆರೆಯನ್ನೇ ಕೊಡಬಹುದು. ಆದರೆ ಮಂಜೂರಾತಿ ಪತ್ರದಲ್ಲಿ ಅಣಕು ಎಂಬ ಪದ ಎಲ್ಲಿಯೂ ಬರಕೂಡದು. ಮೊಹರು ದೊಡ್ಡದಿರಲಿ. ಪಟೇಲರು ಮೊಹರನ್ನು ಮಾತ್ರ ಓದುತ್ತಾರೆ.

ಎಂದು ವಿನಂತಿಸಿಕೊಳ್ಳುವ,

ತಮ್ಮ ವಿಶ್ವಾಸಿ, ತಾವು ಕೊಟ್ಟ ತೋಳುಪಟ್ಟಿಯನ್ನು ಇನ್ನೂ ಬಿಚ್ಚದಿರುವ
(ಸಹಿ) ಶಿವಮೂರ್ತಪ್ಪ

ಅಡಕಗಳು:
1) ಸೀಟಿ, ಒಂದು. ಒಳಗಿನ ಗುಂಡು ಓಡುವಾಗ ಎಲ್ಲಿಯೋ ಬಿದ್ದಿದೆ. ಬೇರೆ ಕೊಡುವುದು.
2) ಏರಿಯಿಂದ ಹೊರಗೆ ಇಣುಕುತ್ತಿದ್ದ ಹಾಸಿಗೆಯ ಅರಳೆ, ಒಂದು ಹಿಡಿ. ಪುರಾವೆಗಾಗಿ.
3) ಮದುವೆಯ ಲಗ್ನಪತ್ರಿಕೆ, ಒಂದು. ತಾವು ಕುಟುಂಬ ಸಮೇತ ಬರಬೇಕು. ಖುದ್ದಾಗಿ ಬಂದು, ಕೂತು, ಕಾಫಿ ಕುಡಿದು ಕರೆಯಲಾಗದ್ದಕ್ಕೆ ಕ್ಷಮೆಯಿರಲಿ.

ಮರೆತ ಮಾತು: ಈ ಅರ್ಜಿ ಬರೆಯುವ ಮುಂಚೆ, ಇಂದು ಬೆಳಿಗ್ಗೆ, ಸೋಮವಾರ ಒಳ್ಳೆಯ ದಿನವೆಂದು, ಪ್ರೇಮಮ್ಮನನ್ನೂ ಕರೆದುಕೊಂಡು ಹೋಗಿ ಮೊದಲ ವೀಳ್ಯವನ್ನು ಅಂಜಿನಮ್ಮನವರಿಗೆ ಕೊಟ್ಟಾಯಿತು. ದಿನದ ಮೊದಲ ಹೊತ್ತಿಗೇ ನಾನು ಬಾಗಿಲಲ್ಲಿ ನಿಂತದ್ದನ್ನು ಕಂಡು ಆಕೆ ಕೋಳಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ದಿಣ್ಣೆಗೆ ಹೊರಟರು. ಇದು ನೀರಲ್ಲ, ಮದುವೆ ಎಂದು ನಂಬಿಸಲು ನಾವಿಬ್ಬರೂ ಅರ್ಧ ದಿಣ್ಣೆ ಹತ್ತಬೇಕಾಯಿತು. ಎಲೆ ಅಡಿಕೆ ತೆಗೆದುಕೊಳ್ಳುವ ಮುಂಚೆ ಆಕೆ ಸೆರಗಿಗೆ ಎರಡು ಸಲ ಕೈ ಒರೆಸಿಕೊಂಡರು.

ಈ ಸುದ್ದಿ ಮೇಲಿನ ಬೀದಿ ತಲುಪಲು ಸಂಜೆಯಾಗುತ್ತದೆ. ಆದಕಾರಣ, ನೆರೆಯನ್ನು ಮಧ್ಯಾಹ್ನದ ಬಸ್ಸಿಗೇ ಕಳುಹಿಸಿಕೊಡುವುದು.